ಓಡಿದವನಿಗೆ ಮಾಫಿ, ಅಲುಗಿದವನಿಗೆ ದಂಡ!

ಪ್ರಶ್ನೆ: ಸಾರ್, ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ. ಅವಳಿಂದ ನನಗೂ ಅಲ್ಲಿನ ಫುಟ್‌ಬಾಲ್ ನೋಡುವ ಹುಚ್ಚು ಹಿಡಿದಿದೆ. ಚೆಂಡು ಕೈಗೆ ಬರುವ ಮುಂಚೆಯೇ ಒಬ್ಬ ಈ ತುದಿಯಿಂದ ಆ ತುದಿಗೆ ಓಡುತ್ತಾನೆ, ಯಾರೂ ಕೇಳುವುದಿಲ್ಲ. ಇನ್ನೊಬ್ಬ ಭುಜ ಅಲ್ಲಾಡಿಸಿದರೆ ಸಾಕು, ಹಳದಿ ಫ್ಲ್ಯಾಗ್ ಎಸೆದು 5 ಯಾರ್ಡ್ ಹಿಂದೆ ಕಳಿಸುತ್ತಾರೆ. ಇದು ಯಾವ ನ್ಯಾಯ?

ಉತ್ತರ: ಇದನ್ನೇ ನಾನೂ ಕೇಳಿದ್ದೆ, ಅದೂ ಮೈದಾನದ ಅಂಚಿನಲ್ಲೇ ನಿಂತು. ಅಮೆರಿಕದಲ್ಲಿದ್ದಾಗ ಮಗ ಹೈಸ್ಕೂಲ್ ತಂಡದಲ್ಲಿ ಗಾರ್ಡ್ (ಮುಂದಿನ ಸಾಲಿನಲ್ಲಿ ನಿಂತು ಎದುರಿನವರನ್ನು ತಡೆಯುವವನು) ಆಗಿದ್ದ. ಚೆಂಡಿರುವ ತಂಡ ನಾಲ್ಕು ಯತ್ನದೊಳಗೆ 10 ಯಾರ್ಡ್ ಮುಂದೆ ಹೋಗಬೇಕು; ಅದನ್ನು ಅಳೆಯುವ ಚೈನಿನ ಕೋಲು ಹಿಡಿಯಲು ಅಲ್ಲಿ ಅಪ್ಪಂದಿರನ್ನೇ ಕರೆದಿದ್ದರು. ಮೊದಲ ಪಂದ್ಯದಲ್ಲೇ ವಿಸಿಲ್ ಊದಿತು, ಚೆಂಡನ್ನು 5 ಯಾರ್ಡ್ ಹಿಂದಕ್ಕೆ ಇಟ್ಟರು. ನಾನೂ ಕೋಲು ಕಿತ್ತುಕೊಂಡು ಚೆಂಡಿನ ಜೊತೆ ಹೊರಟೆ. ಚೈನ್ ನೋಡಿಕೊಳ್ಳುವ ರೆಫರಿ, ಹೆಡ್ ಲೈನ್ಸ್‌ಮನ್, ಗದರಿದರು, ಚೈನ್ ಅಲ್ಲೇ ಇರಲಿ ಅಂತ. ಹೌದಲ್ವಾ, ಅದೇ ತಾನೇ ಶಿಕ್ಷೆ! ಅಲ್ಲಿಯವರೆಗೆ 10 ಯಾರ್ಡ್ ಹೋದರೆ ಸಾಕಿತ್ತು, ಈಗ 15 ಹೋಗಬೇಕು. ಅಂದ ಹಾಗೆ, ಅಲುಗಿದವನು ನನ್ನ ಮಗನೇ.

ಕಾರಣ ಇಷ್ಟು. ಮುಂದಿನ ಸಾಲಿನ ನಟ್ಟನಡುವೆ ಇರುವ ಸೆಂಟರ್ ಚೆಂಡನ್ನು ಕಾಲ ನಡುವಿನಿಂದ ಹಿಂದಕ್ಕೆ ಕೊಡುವ ಗಳಿಗೆಗೆ ಸ್ನ್ಯಾಪ್ ಅನ್ನುತ್ತಾರೆ. ಅದು ಯಾವಾಗ ಅನ್ನುವ ಗುಟ್ಟು ಚೆಂಡಿರುವ ತಂಡಕ್ಕೆ ಮಾತ್ರ ಗೊತ್ತು. ಎದುರಿನವರು ಚೆಂಡನ್ನೇ ದಿಟ್ಟಿಸುತ್ತಾ ಕಾಯಬೇಕು. ಇಷ್ಟು ಅನುಕೂಲ ಇಟ್ಟುಕೊಂಡು ಮೇಲೆ ಮೈ ಜಗ್ಗಿ 'ಇದೋ ಶುರುವಾಯಿತು' ಅಂತ ನಂಬಿಸಿದರೆ ಮೋಸ. ಅದೇ ಫಾಲ್ಸ್ ಸ್ಟಾರ್ಟ್. ಆಟ ಅಲ್ಲಿಗೇ ನಿಲ್ಲುತ್ತದೆ. ನೆಲಕ್ಕೆ ಕೈ ಊರಿ ಕೂತ ಗಾರ್ಡ್ ಆಮೇಲೆ ಕೈ ಎತ್ತುವಂತಿಲ್ಲ. ದೂರದಲ್ಲಿ ನಿಂತ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಕತ್ತು ತಿರುಗಿಸಿ, ಆಟ ನಡೆಸುತ್ತಾ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕಡೆ ನೋಡಿದರೆ ತೊಂದರೆಯಿಲ್ಲ.

ಇನ್ನು ನಿಮ್ಮ ಓಟಗಾರ. ಅವನ ಓಟಕ್ಕೆ ಮೋಷನ್ ಅಂತ ಹೆಸರು. ಅಡ್ಡಡ್ಡ ಓಡುವವನನ್ನು ನೋಡಿ ಆಟ ಶುರುವಾಯಿತು ಅಂತ ಯಾರೂ ಮೋಸ ಹೋಗುವುದಿಲ್ಲ. ಅದಕ್ಕೇ ಒಬ್ಬನಿಗೆ ಅವಕಾಶ. ಚೆಂಡು ಇಟ್ಟ ಜಾಗದ ಅಡ್ಡಗೆರೆಯ ಮೇಲೆ ಆ ತಂಡದ ಕನಿಷ್ಠ 7 ಜನ ಇರಬೇಕು, ಓಡುವವನು ಹಿಂದಿನ ಸಾಲಿನವನಾಗಿರಬೇಕು. ಸ್ನ್ಯಾಪ್ ಆಗುವಾಗ ಅವನು ಅಡ್ಡಕ್ಕೋ ಹಿಂದಕ್ಕೋ ಹೋಗುತ್ತಿರಬಹುದು, ಗೆರೆಯತ್ತ ಮುಂದಕ್ಕೆ ಮಾತ್ರ ಹೋಗಬಾರದು. (ಕೆನಡಾದ ಫುಟ್‌ಬಾಲ್‌ನಲ್ಲಿ ಹಿಂದಿನ ಸಾಲಿನ ಹಲವರು ಒಟ್ಟಿಗೇ, ಮುಂದಕ್ಕೂ ಓಡುತ್ತಾರೆ. ಅದನ್ನು ನೋಡಿದರೆ ನಿಮಗೆ ತಲೆ ಸುತ್ತುತ್ತದೆ.) ಇಬ್ಬರು ಜಾಗ ಬದಲಿಸಿದರೆ ಅದು ಶಿಫ್ಟ್. ಆಗ 11 ಜನವೂ ಮತ್ತೆ ಪೂರ್ತಿ 1 ಸೆಕೆಂಡ್ ಕಂಬದಂತೆ ನಿಂತ ಮೇಲೆಯೇ ಚೆಂಡು ಹೊರಡಬೇಕು. ಇಲ್ಲಿ ತಪ್ಪಾದರೂ 5 ಯಾರ್ಡೇ, ಆದರೆ ವಿಸಿಲ್ ಊದುವುದಿಲ್ಲ. ಆಟ ಮುಗಿದ ಮೇಲೆ ದಂಡ ಬೇಕೋ ಬೇಡವೋ ಅಂತ ಎದುರು ತಂಡವನ್ನು ಕೇಳುತ್ತಾರೆ.

ಈ ಮೋಷನ್ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ 2023ರ ಫೆಬ್ರವರಿಯ ಸೂಪರ್ ಬೌಲ್, ಅಂದರೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಫೈನಲ್ ನೋಡಿ. ಕ್ಯಾನ್ಸಸ್ ಸಿಟಿ ಚೀಫ್ಸ್‌ನ ಕಡೇರಿಯಸ್ ಟೋನಿ ಒಳಗಡೆಗೆ ಓಡಿ ಬಂದ. ಕಾವಲಿನವರು ಅವನು ಆ ಬದಿಗೆ ದಾಟುತ್ತಾನೆ ಅಂದುಕೊಂಡರು. ಅವನು ಗಕ್ಕನೆ ತಿರುಗಿ ಬಂದ ದಾರಿಯಲ್ಲೇ ವಾಪಸ್ ಹೋದ. ಸುತ್ತ ಯಾರೂ ಇಲ್ಲ, ಚೆಂಡು ಹಿಡಿದು ಎದುರಾಳಿಯ ಕೊನೆಯ ಗೆರೆ ದಾಟಿದ, ಟಚ್‌ಡೌನ್! ಸ್ವಲ್ಪ ಹೊತ್ತಿಗೆ ಅದೇ ಉಪಾಯದಿಂದ ಸ್ಕೈ ಮೂರ್ ಇನ್ನೊಂದು ಹೊಡೆದ. ಚೀಫ್ಸ್ 38-35ರಿಂದ ಈಗಲ್ಸ್ ತಂಡವನ್ನು ಸೋಲಿಸಿತು.

ಅದೇ ವರ್ಷ ಡಿಸೆಂಬರ್ 10ರಂದು, ಬಫಲೋ ಬಿಲ್ಸ್ ಎದುರು, ಅದೇ ಟೋನಿ. ಕೊನೆಯ ಎರಡು ನಿಮಿಷದೊಳಗೆ ಟ್ರಾವಿಸ್ ಕೆಲ್ಸಿ ಎಸೆದ ಚೆಂಡು ಹಿಡಿದು ಗೆಲುವಿನ ಟಚ್‌ಡೌನ್ ಮಾಡಿಬಿಟ್ಟ. ಕುಣಿದಿದ್ದೇ ಬಂತು. ಸ್ನ್ಯಾಪ್‌ಗೆ ಮುಂಚೆ ಅವನ ಪಾದ ಗೆರೆ ದಾಟಿ ನಿಂತಿತ್ತು, ಅದು ಆಫ್‌ಸೈಡ್. ಟಚ್‌ಡೌನ್ ರದ್ದಾಯಿತು, ಚೀಫ್ಸ್ 17-20ರಿಂದ ಸೋತಿತು. ಇದರಲ್ಲಿ ಅನ್ಯಾಯವಾಯಿತು ಅನ್ನುವವರು ಈಗಲೂ ಇದ್ದಾರೆ. ನನಗಂತೂ ಹಾಗನ್ನಿಸಲಿಲ್ಲ. ಓಡದೆ ಸುಮ್ನೆ ನಿಲ್ಲುವಾಗ ಪಾದ ಎಲ್ಲಿದೆ ಅಂತ ನೋಡಿಕೊಳ್ಳಲು ಏನು ಕಷ್ಟ?

ಪ್ರಶ್ನೆ: ಎದುರು ತಂಡದವರು ಮಾತ್ರ ಹೇಗೆ ಬೇಕಾದರೂ ಕುಣಿಯುತ್ತಾರಲ್ಲ?

ಉತ್ತರ: ಕುಣಿಯಲಿ ಬಿಡಿ, ಅವರಿಗೆ ಗುಟ್ಟು ಗೊತ್ತಿಲ್ಲವಲ್ಲ. ಎರಡು ತಂಡಗಳ ನಡುವೆ ಒಂದು ಚೆಂಡಿನ ಉದ್ದದಷ್ಟು, ಸುಮಾರು 11 ಇಂಚು ಜಾಗ ಇರುತ್ತದೆ. ಒಂದು ಗೇಣಿಗಿಂತ ಚೂರು ಜಾಸ್ತಿ. ಸ್ನ್ಯಾಪ್ ಆಗುವಾಗ ಅವರು ಅದರೊಳಗೆ ಇರಬಾರದು. ಎನ್‌ಎಫ್‌ಎಲ್‌ನಲ್ಲಿ ಕಾಲಿಟ್ಟವನು ಯಾರನ್ನೂ ಮುಟ್ಟದೆ, ಬೆಚ್ಚಿಬೀಳಿಸದೆ ಹಿಂದೆ ಸರಿದರೆ ತಪ್ಪಿಲ್ಲ. ಸರಿಯುವಷ್ಟರಲ್ಲಿ ಸ್ನ್ಯಾಪ್ ಆದರೆ ಫ್ಲ್ಯಾಗ್ ಬೀಳುತ್ತದೆ, ಆದರೂ ಸಾಮಾನ್ಯವಾಗಿ ಆಟ ಮುಂದುವರಿಯುತ್ತದೆ. ಆಗ ಚೆಂಡಿರುವ ತಂಡಕ್ಕೆ ಹಬ್ಬ. ಎಷ್ಟು ದೂರ ಬೇಕಾದರೂ ಎಸೆಯಬಹುದು, ಕೆಟ್ಟರೆ 5 ಯಾರ್ಡ್ ಹೇಗೂ ಸಿಗುತ್ತದೆ. ದನಿ ಏರಿಳಿಸಿ ಕೂಗಿ ಎದುರಿನವರನ್ನು ಹೀಗೆ ಎಳೆಯುವುದರಲ್ಲಿ ಕ್ವಾರ್ಟರ್‌ಬ್ಯಾಕ್ ಏರನ್ ರಾಡ್ಜರ್ಸ್‌ಗೆ ದೊಡ್ಡ ಹೆಸರು. ಹೈಸ್ಕೂಲ್‌ನಲ್ಲಿ ಈ ಮಜಾ ಇಲ್ಲ. ಅಲ್ಲಿ ಕಾಲಿಟ್ಟ ಕೂಡಲೇ ವಿಸಿಲ್.

ಪ್ರಶ್ನೆ: ಪ್ರೇಕ್ಷಕರು ಕಿರುಚಿದರೆ ಫಾಲ್ಸ್ ಸ್ಟಾರ್ಟ್ ಜಾಸ್ತಿ ಆಗುತ್ತಾ?

ಉತ್ತರ: ಆಗುತ್ತೆ. 2005ರ ನವೆಂಬರ್ 27ರಂದು ಸಿಯಾಟಲ್‌ನಲ್ಲಿ ಆಡಿದ ನ್ಯೂಯಾರ್ಕ್ ಜೈಂಟ್ಸ್ ಒಂದೇ ಪಂದ್ಯದಲ್ಲಿ 11 ಸಲ ಈ ತಪ್ಪು ಮಾಡಿತು. ಕ್ವಾರ್ಟರ್‌ಬ್ಯಾಕ್ ಕೂಗುವುದು ಕೇಳಿಸದಿದ್ದರೆ ಪಾಪ ಅವರೇನು ಮಾಡುತ್ತಾರೆ? ಅದಕ್ಕೆ ಈಗ ಕೂಗುವುದನ್ನೇ ಬಿಟ್ಟು ಸನ್ನೆ ಮಾಡುತ್ತಾರೆ. ಗಾರ್ಡ್ ಹಿಂದೆ ತಿರುಗಿ ಕ್ವಾರ್ಟರ್‌ಬ್ಯಾಕ್‌ನನ್ನು ನೋಡಿ, ಸೆಂಟರ್‌ನ ಮೈ ತಟ್ಟುತ್ತಾನೆ. ಕೊನೆಯ ವರ್ಷ ನನ್ನ ಮಗನಿಗೆ ಆ ಕೆಲಸ ಕೊಟ್ಟಿದ್ದರು. ಅವನು ತಟ್ಟಿದಾಗಲೆಲ್ಲ ನಾನು ಚೈನಿನ ಕೋಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ.