ಆ ಹಣ ಯಾರ ಕೈ ಸೇರುತ್ತದೆ?

ಹೆಸರು ಪ್ರಕಟಿಸಬೇಡಿ ಎಂದು ಕೋರಿರುವ ಓದುಗರೊಬ್ಬರ ಪತ್ರದ ಸಾರ ಇದು: ಹೊಸ ಕಾರಿಗೆ ಮುಂಗಡ ಕೊಟ್ಟಾಗಿದೆ. ಆಮೇಲೆ ಕೈಗೆ ಬಂದ ಬೆಲೆಪಟ್ಟಿಯಲ್ಲಿ ಹ್ಯಾಂಡ್ಲಿಂಗ್ ಶುಲ್ಕ, ಬಣ್ಣದ ರಕ್ಷಣೆಗೆ ಕೋಟಿಂಗ್, ಟೈರಿಗೆ ನೈಟ್ರೋಜನ್, ವಿಸ್ತರಿತ ವಾರಂಟಿ ಎಂದು ನಾಲ್ಕು ಸಾಲುಗಳು ಹೊಸದಾಗಿ ಸೇರಿಕೊಂಡಿವೆ. ಕೇಳಿದರೆ, ‘ಎಲ್ಲರೂ ಕೊಡುತ್ತಾರೆ, ಕೋಟಿಂಗ್ ಆಗಲೇ ಹಾಕಿಯಾಗಿದೆ’ ಎಂಬ ಉತ್ತರ. ‘ಇಷ್ಟು ದೊಡ್ಡ ವ್ಯವಹಾರದಲ್ಲಿ ಇಂಥದ್ದಕ್ಕೆಲ್ಲ ಚೌಕಾಸಿ ಮಾಡಿದರೆ ಸಣ್ಣತನವಾಗುವುದಿಲ್ಲವೇ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮಾರಾಟಗಾರರು ನೆಚ್ಚಿಕೊಂಡಿರುವುದು ನಿಮ್ಮ ಈ ಸಂಕೋಚವನ್ನೇ. ಕಾರಿನ ಬೆಲೆಯ ಪಕ್ಕದಲ್ಲಿ ಇಟ್ಟರೆ ಎಂಥ ಮೊತ್ತವೂ ಚಿಲ್ಲರೆಯಾಗಿ ಕಾಣುತ್ತದೆ. ಅದೇ ಹಣವನ್ನು ಬೇರೊಂದು ದಿನ, ಬೇರೊಂದು ಅಂಗಡಿಯಲ್ಲಿ ಕೇಳಿದ್ದರೆ ನೀವು ಹತ್ತು ಸಲ ಯೋಚಿಸುತ್ತಿದ್ದಿರಿ. ಹೊಸ ಕಾರಿನ ಮೂಲ ಬೆಲೆಯಲ್ಲಿ ಡೀಲರಿಗೆ ಉಳಿಯುವ ಲಾಭ ಸಾಮಾನ್ಯವಾಗಿ ಕಡಿಮೆ. ಕೈತುಂಬ ಸಿಗುವುದು ಈ ಬಿಡಿ ಸಾಲುಗಳಲ್ಲಿ. ಅವರು ಲಾಭ ನೋಡುವುದರಲ್ಲಿ ತಪ್ಪಿಲ್ಲ, ನೀವು ಲೆಕ್ಕ ಕೇಳುವುದರಲ್ಲೂ ಇಲ್ಲ.

ಪಟ್ಟಿಯ ಪ್ರತಿ ಸಾಲಿನ ಮುಂದೆಯೂ ಒಂದು ಪ್ರಶ್ನೆ ಬರೆದುಕೊಳ್ಳಿ: ಈ ಹಣ ಕೊನೆಗೆ ಯಾರ ಕೈ ಸೇರುತ್ತದೆ? ತೆರಿಗೆ, ನೋಂದಣಿಯ ಹಣ ಸರ್ಕಾರಕ್ಕೆ ಹೋಗುತ್ತದೆ. ರಸೀದಿ ಸಿಗುತ್ತದೆ, ತಪ್ಪಿಸಲಾಗದು. ವಿಮೆ ಬೇಕೇ ಬೇಕು, ಆದರೆ ಡೀಲರು ತೋರಿಸಿದ ಪಾಲಿಸಿಗೆ ಒಪ್ಪುವ ಮೊದಲು ಹೊರಗೆ ಒಂದೆರಡು ಕಡೆ ದರ ವಿಚಾರಿಸಿ. ಉಳಿದದ್ದರಲ್ಲಿ ಬಹುಪಾಲು ಡೀಲರ ಗಲ್ಲಾಪೆಟ್ಟಿಗೆಗೆ. ಅಲ್ಲಿ ಮಾತುಕತೆಗೆ ಜಾಗವಿದೆ.

ಇವುಗಳಲ್ಲಿ ನನಗೆ ಹೆಚ್ಚು ಸಿಟ್ಟು ತರಿಸುವುದು ಹ್ಯಾಂಡ್ಲಿಂಗ್ ಶುಲ್ಕ. ಮಾರುವ ವಸ್ತುವನ್ನು ತರಿಸಿ, ತೊಳೆದು, ಕೊಳ್ಳುವವರ ಮುಂದೆ ನಿಲ್ಲಿಸುವುದು ಮಾರುವವರ ಕೆಲಸವೇ ಅಲ್ಲವೇ? ‘ಈ ಸಾಲನ್ನು ತೆಗೆಯಲು ಕಂಪ್ಯೂಟರಿನಲ್ಲಿ ಅವಕಾಶವಿಲ್ಲ’ ಎಂಬ ಮಾತನ್ನೂ ನೀವು ಕೇಳಬಹುದು. ಜಗಳ ಬೇಡ. ಅಷ್ಟೇ ಮೊತ್ತವನ್ನು ಕಾರಿನ ಬೆಲೆಯಲ್ಲಿ ಇಳಿಸಿಕೊಡಿ ಎನ್ನಿ. ಅದಕ್ಕೆ ಕಂಪ್ಯೂಟರು ಅಡ್ಡ ಬರುವುದಿಲ್ಲ.

ನೈಟ್ರೋಜನ್ ವಿಷಯ ಬೇಗ ಮುಗಿಯುತ್ತದೆ. ನಾವು ಉಸಿರಾಡುವ ಗಾಳಿಯಲ್ಲೇ ಅದರ ಪಾಲು ಶೇ. 78. ಶುದ್ಧ ನೈಟ್ರೋಜನ್ ತುಸು ನಿಧಾನವಾಗಿ ಸೋರುತ್ತದೆ ಎಂಬುದು ನಿಜ, ಆದರೂ ಟೈರಿನ ಒತ್ತಡವನ್ನು ಆಗಾಗ ಪರೀಕ್ಷಿಸುವ ಕೆಲಸ ತಪ್ಪುವುದಿಲ್ಲ.

ಕೋಟಿಂಗ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇಂದಿನ ಕಾರುಗಳ ಒಡಲನ್ನು ಕಾರ್ಖಾನೆಯಲ್ಲೇ ತುಕ್ಕುನಿರೋಧಕ ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಲೇಪ ಹಿಡಿಸುತ್ತಾರೆ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಪಾರದರ್ಶಕ ಪದರ. ಇಷ್ಟಾದ ಮೇಲೆ ಶೋರೂಮಿನ ಹಿತ್ತಲಲ್ಲಿ ಉಜ್ಜುವ ದ್ರವಕ್ಕೆ ಆ ಬೆಲೆ ಏಕೆಂದು ಕೇಳಿ. ಹೊಳಪಿನ ಆಸೆ ಇದ್ದರೆ ಹೊರಗೆ ಇದೇ ಕೆಲಸ ಮಾಡುವವರಿದ್ದಾರೆ. ಯಾವ ಉತ್ಪನ್ನ, ಎಷ್ಟು ಕಾಲ ಬಾಳುತ್ತದೆ ಎಂದು ವಿಚಾರಿಸಿ ಮಾಡಿಸಿ. ಇನ್ನು, ‘ಹಾಕಿಯಾಗಿದೆ’ ಎಂಬ ಮಾತು. ನೀವು ಹೇಳದೆ ಹಾಕಿದ್ದಕ್ಕೆ ನೀವೇಕೆ ಹಣ ಕೊಡಬೇಕು? ಕೋಟಿಂಗ್ ಇಲ್ಲದ, ಅದೇ ಮಾದರಿಯ ಬೇರೆ ಕಾರು ಕೊಡಿ ಎನ್ನಿ.

ಈ ಆಟ ಹೊಸದೇನಲ್ಲ. ಅಮೆರಿಕದಲ್ಲಿ ಪ್ರತಿ ಹೊಸ ಕಾರಿನ ಗಾಜಿನ ಮೇಲೆ ತಯಾರಕರು ಸೂಚಿಸಿದ ಬೆಲೆಯ ಚೀಟಿ ಇರಲೇಬೇಕೆಂದು 1958ರಲ್ಲಿ ಕಾನೂನು ಬಂತು. ಅದನ್ನು ತಂದ ಸೆನೆಟರ್ ಮನ್ರೋನಿಯವರ ಹೆಸರಿನಿಂದಲೇ ಆ ಚೀಟಿಯನ್ನು ಈಗಲೂ ಕರೆಯುತ್ತಾರೆ. ಅದರ ಪಕ್ಕದಲ್ಲೇ ಇಂಥ ಹೆಚ್ಚುವರಿ ಸಾಲುಗಳಿರುವ ತಮ್ಮದೊಂದು ಎರಡನೆಯ ಚೀಟಿ ಅಂಟಿಸುವುದನ್ನು ಅಲ್ಲಿನ ಡೀಲರುಗಳು ರೂಢಿ ಮಾಡಿಕೊಂಡರು!

ವಿಸ್ತರಿತ ವಾರಂಟಿಯನ್ನು ಮಾತ್ರ ನಾನು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. ಕಾರನ್ನು ಬಹಳ ವರ್ಷ ಇಟ್ಟುಕೊಳ್ಳುವವರಿಗೆ ಅದು ಉಪಯೋಗಕ್ಕೆ ಬರಬಹುದು. ಆದರೆ ಕೆಟ್ಟ ಭಾಗಗಳ ರಿಪೇರಿಗೆ ಅದು ನೆರವಾಗುವುದು ಬಹುಮಟ್ಟಿಗೆ ತಯಾರಕರ ವಾರಂಟಿ ಮುಗಿದ ನಂತರವೇ. ಹಾಗಾಗಿ ಈ ದಿನವೇ ಕೊಳ್ಳುವ ಆತುರವೇನು? ಕೊಡುವುದು ತಯಾರಕರೇ ಅಥವಾ ಮೂರನೆಯವರೇ, ಯಾವ ಭಾಗಗಳು ಸೇರಿಲ್ಲ, ನಂತರ ಕೊಳ್ಳಲು ಎಂದಿನವರೆಗೆ ಅವಕಾಶವಿದೆ ಎಂದು ಬರಹದಲ್ಲಿ ಕೇಳಿ, ಮನೆಯಲ್ಲಿ ಕುಳಿತು ಓದಿ.

ಸಾಲ ಮಾಡುತ್ತಿದ್ದರೆ ಇನ್ನೊಂದು ಎಚ್ಚರ. ‘ತಿಂಗಳ ಕಂತಿಗೆ ಸ್ವಲ್ಪವೇ ಸೇರುತ್ತದೆ’ ಎನ್ನುತ್ತಾರೆ. ವಾರ್ಷಿಕ ಶೇ. 10ರ ಬಡ್ಡಿಗೆ 5 ವರ್ಷದ ಸಾಲವಾದರೆ, ಹೀಗೆ ಸೇರಿದ ಪ್ರತಿ 100ಕ್ಕೆ ನೀವು ತೀರಿಸುವುದು ಸುಮಾರು 127. ಕಂತನ್ನು ಬಿಟ್ಟು ಒಟ್ಟು ಮೊತ್ತವನ್ನೇ ಮಾತಾಡಿ.

ಈಗ ನೀವು ಮಾಡಬೇಕಾದದ್ದು: ಬೇಡವಾದ ಸಾಲುಗಳನ್ನು ಹೆಸರಿಸಿ, ಅವನ್ನು ತೆಗೆದ ಪಟ್ಟಿ ಕಳಿಸಿ ಎಂದು ಇವತ್ತೇ ಇಮೇಲ್ ಬರೆಯಿರಿ. ಎದುರಿಗೆ ಕುಳಿತು ಬೇಡವೆನ್ನಲು ನಾಚುವವರಿಗೆ ಬರಹವೇ ಅನುಕೂಲ. ಅದೇ ಮಾದರಿಗೆ ಇನ್ನೊಬ್ಬ ಡೀಲರಿಂದ ಸಾಲುಸಾಲಾಗಿ ದರ ತರಿಸಿಕೊಳ್ಳಿ. ಮೊದಲಿನವರು ಒಪ್ಪದಿದ್ದರೆ ಬುಕಿಂಗ್ ಪತ್ರದ ಹಿಂಬದಿಯಲ್ಲಿ ರದ್ದತಿಯ ಷರತ್ತು ಏನಿದೆ ನೋಡಿ. ಮುಂಗಡದಲ್ಲಿ ಸ್ವಲ್ಪ ಮುರಿದುಕೊಂಡರೂ ಈ ನಾಲ್ಕು ಸಾಲಿಗಿಂತ ಅದು ಕಡಿಮೆಯಿರಬಹುದು. ಒಪ್ಪಿದರೆ, ಡೀಲರಿಗೆ ಬಾಕಿ ಹಣ ಪಾವತಿಸುವ ಮೊದಲು ಅಂತಿಮ ಬಿಲ್ಲನ್ನು ಆ ಇಮೇಲ್ ಜೊತೆಗಿಟ್ಟು ಓದಿ. ತೆಗೆದ ಸಾಲು ಬೇರೆ ಹೆಸರಿನಲ್ಲಿ ಮರಳಿ ಬರುವುದುಂಟು.