ಫೇರೋ ಹಟ್‌ಶೆಪ್ಸುಟ್‌ಳ ಹೆಸರನ್ನು ಗೋಡೆಗಳಿಂದ ಅಳಿಸಿದ್ದು ಏಕೆ?

ಸೇಡಿಗಾಗಿ ಅಲ್ಲ. ಪಟ್ಟವು ಥುಟ್ಮೋಸ್ ಎಂಬ ಹೆಸರಿನ ದೊರೆಗಳಲ್ಲೇ ತಂದೆಯಿಂದ ಮಗನಿಗೆ ಇಳಿದು ಬಂದಂತೆ ತೋರಿಸಲು ಎಂಬುದು ಇಂದು ಹೆಚ್ಚಿನವರು ಒಪ್ಪುವ ಉತ್ತರ.

ಬಾಲಕ ಮಲಮಗ ಮೂರನೇ ಥುಟ್ಮೋಸ್‌ನ ಪರವಾಗಿ ಆಡಳಿತ ಹಿಡಿದ ಹಟ್‌ಶೆಪ್ಸುಟ್ ಕೆಲವೇ ವರ್ಷಗಳಲ್ಲಿ ತಾನೇ ಫೇರೋ, ಅಂದರೆ ಈಜಿಪ್ಟಿನ ದೊರೆ ಆದಳು. ತೀರಿಕೊಂಡದ್ದು ಸುಮಾರು ಕ್ರಿ.ಪೂ. 1458ರಲ್ಲಿ. ಮೂರನೇ ಥುಟ್ಮೋಸ್ ಅವಳ ಹೆಸರನ್ನು ಅಳಿಸಿದ್ದು ಅದಾಗಿ ಸುಮಾರು 20 ವರ್ಷಗಳ ಮೇಲೆ. ಸಿಟ್ಟಿನಿಂದ ಮಾಡುವವನು ಅಷ್ಟು ಕಾಲ ಕಾಯುವುದಿಲ್ಲ.

ಉಳಿ ಬಿದ್ದದ್ದು ಎಲ್ಲಿ ಎಂಬುದೇ ದೊಡ್ಡ ಸಾಕ್ಷಿ. ದೊರೆಯ ವೇಷದಲ್ಲಿ, ಕಟ್ಟುಗಡ್ಡದೊಡನೆ ಕೆತ್ತಿದ್ದ ಅವಳ ರೂಪಗಳು ಹೋದವು. ಬರಿಯ ರಾಣಿಯಾಗಿದ್ದ ಕಾಲದ ಚಿತ್ರಗಳು ಬಹುಮಟ್ಟಿಗೆ ಉಳಿದವು. ಅವಳ ಹೆಸರಿದ್ದ ಕಡೆ ಅವಳ ತಂದೆ ಮೊದಲನೇ ಥುಟ್ಮೋಸ್, ಗಂಡ ಎರಡನೇ ಥುಟ್ಮೋಸ್ ಬಂದು ಕೂತರು. ಆಗ ಮೂರನೇ ಥುಟ್ಮೋಸ್ ಮುದಿಯಾಗುತ್ತಿದ್ದ, ಮಗ ಎರಡನೇ ಅಮೆನ್‌ಹೋಟೆಪ್‌ನ ಹಕ್ಕು ಪ್ರಶ್ನೆಯಿಲ್ಲದಂತೆ ಇರಬೇಕಿತ್ತು.

ಡೈರ್ ಎಲ್-ಬಹ್ರಿ ದೇವಾಲಯದ ಅವಳ ಪ್ರತಿಮೆಗಳ ಕಥೆ ಸ್ವಲ್ಪ ಬೇರೆ. ಹಲವು ಮುರಿದಿರುವುದು ಕತ್ತು, ಸೊಂಟ, ಮೊಣಕಾಲಿನಲ್ಲಿ. ಎಷ್ಟೋ ಮುಖಗಳಿಗೆ ಏಟೇ ಬಿದ್ದಿಲ್ಲ. ಹಳೆಯ ದೊರೆಗಳ ಪ್ರತಿಮೆಯ ಶಕ್ತಿಯನ್ನು ಇಳಿಸಲು ಈಜಿಪ್ಟಿನವರು ಹೀಗೆ ಮುರಿಯುತ್ತಿದ್ದುದುಂಟು.