ಸಮ್ಮರ್ ಆಫ್ ಕೋಡ್‌ಗೆ ಮೊದಲ ಸಲ ಮೆಂಟರ್ ಆಗುತ್ತಿದ್ದೇನೆ. ವಾರಕ್ಕೆ ನಾಲ್ಕು ಗಂಟೆ ಸಾಕೇ? ವಿದ್ಯಾರ್ಥಿ ಸುದ್ದಿಯೇ ಇಲ್ಲದಂತಾದರೆ ಏನು ಮಾಡಬೇಕು?

ನೀವು ಹೇಳಿರುವುದು ಇಷ್ಟು: ಭಾರತೀಯ ಭಾಷೆಗಳ ಪಠ್ಯ ಸಂಸ್ಕರಿಸುವ ನಿಮ್ಮ ಪೈಥಾನ್ ಲೈಬ್ರರಿ ಈ ಸಲ, ಹೊಸಬರು ಮೆಂಟರ್ ಮಾರ್ಗದರ್ಶನದಲ್ಲಿ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟಿಗೆ ಸ್ಟೈಪೆಂಡ್ ಪಡೆದು ಕೆಲಸ ಮಾಡುವ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿದೆ, ಅರ್ಜಿಗಳು ಬರುತ್ತಿವೆ, ಮೆಂಟರ್ ನೀವೊಬ್ಬರೇ, ಆಫೀಸ್ ಕೆಲಸದ ಜೊತೆ ವಾರಕ್ಕೆ ನಾಲ್ಕು ಗಂಟೆ ಕೊಡಬಲ್ಲಿರಿ.

ಮೊದಲ ನಾಲ್ಕೈದು ವಾರಕ್ಕೆ ಅಷ್ಟು ಸಾಲದು. ಒಬ್ಬ ವಿದ್ಯಾರ್ಥಿಗೆ ಏಳೆಂಟು ಗಂಟೆ ಎತ್ತಿಡಿ, ಆಮೇಲೆ ಅದು ತಾನಾಗಿ ನಾಲ್ಕಕ್ಕೆ ಇಳಿಯುತ್ತದೆ. ಆದರೆ ಎಷ್ಟು ಗಂಟೆ ಅನ್ನುವುದಕ್ಕಿಂತ ಅದನ್ನು ಹೇಗೆ ಹಂಚುತ್ತೀರಿ ಅನ್ನುವುದು ಮುಖ್ಯ. ಸೋಮವಾರ ಕೇಳಿದ ಪ್ರಶ್ನೆಗೆ ಭಾನುವಾರ ಉತ್ತರ ಕೊಟ್ಟರೆ 12 ವಾರದ ಕೋಡಿಂಗ್ ಅವಧಿಯಲ್ಲಿ ಒಂದು ವಾರ ಅಲ್ಲೇ ಕರಗಿತು. ಮೊದಲ ವಾರಗಳಲ್ಲಿ ದಿನಾ ಒಂದು ಗಂಟೆ, ಆಮೇಲೆ ಅರ್ಧ ಗಂಟೆ, ಜೊತೆಗೆ ವಾರಕ್ಕೊಂದು ಮುಕ್ಕಾಲು ಗಂಟೆಯ ಕಾಲ್, ಇದೇ ನಡೆಯುವ ಕ್ರಮ. ಮತ್ತೆ ಒಬ್ಬರೇ ಮೆಂಟರ್ ಆಗಬೇಡಿ. ನಿಮಗೆ ಜ್ವರ ಬಂದರೆ, ಆಫೀಸ್‌ನಲ್ಲಿ ರಿಲೀಸ್ ಬಂದರೆ ಪ್ರಾಜೆಕ್ಟ್ ನಿಲ್ಲಬಾರದು. ಕೋಡ್ ರಿವ್ಯೂ ಮಾಡಬಲ್ಲ, ಅಂದರೆ ಓದಿ ತಿದ್ದುಪಡಿ ಹೇಳಬಲ್ಲ ಇನ್ನೊಬ್ಬರನ್ನು ಈಗಲೇ ಸೇರಿಸಿಕೊಳ್ಳಿ.

ಈಗ ಆಯ್ಕೆಯ ವಿಷಯ. ಮುಂದೆ ಬರುವ ತೊಂದರೆಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ. 2022ರಿಂದ ಈ ಕಾರ್ಯಕ್ರಮ ಕಾಲೇಜು ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಓಪನ್ ಸೋರ್ಸ್‌ಗೆ ಹೊಸಬರಾದ, 18 ತುಂಬಿದ ಇತರರಿಗೂ ತೆರೆದಿದೆ. ಅರ್ಜಿಗಳ ರಾಶಿಯಲ್ಲಿ ನುಣುಪಾದ ಭಾಷೆ, ಬಣ್ಣದ ವೇಳಾಪಟ್ಟಿ ಇರುವ ಪ್ರಪೋಸಲ್‌ಗಳಿಗೆ ಈಗ ಬರವಿಲ್ಲ, ಅವನ್ನು ಎಐ ಎರಡು ನಿಮಿಷದಲ್ಲಿ ಬರೆದುಕೊಡುತ್ತದೆ. ಹಾಗಾಗಿ ಪ್ರಪೋಸಲ್ ಓದಿ ಮಾತ್ರ ಆರಿಸಬೇಡಿ. ಅರ್ಜಿಗೆ ಮೊದಲು ಒಂದು ಸಣ್ಣ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿರಬೇಕು ಎಂಬ ನಿಯಮ ಹಾಕಿ.

ನಿಮ್ಮ ಲೈಬ್ರರಿಗೆ ಹೊಂದುವ ಒಂದು ಕೆಲಸ ಹೇಳುತ್ತೇನೆ. ಶೀರ್ಷಿಕೆಯನ್ನು ಇಂತಿಷ್ಟು ಅಕ್ಷರಕ್ಕೆ ಮೊಟಕುಗೊಳಿಸುವ ಫಂಕ್ಷನ್ ಸರಿಪಡಿಸಲು ಕೊಡಿ. ‘ಕನ್ನಡ’ ಎಂಬ ಪದ ಓದುವವರಿಗೆ ಮೂರು ಅಕ್ಷರ, ಪೈಥಾನ್‌ಗೆ ಐದು ಕೋಡ್ ಪಾಯಿಂಟ್ (ಯುನಿಕೋಡ್ ಸಂಕೇತ): ಕ, ನ, ಹಲಂತ ಚಿಹ್ನೆ (್), ನ, ಡ. ಮೂರಕ್ಕೆ ಕತ್ತರಿಸಿದರೆ ‘ಕನ್’ ಉಳಿಯುತ್ತದೆ. ಮುಂದಿನ ಹಂತದಲ್ಲಿ ‘ರ‍್ಯಾಂಕ್’ ಕೊಡಿ. ಅಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ, ಅಕ್ಷರ ಯಾವ ರೂಪದಲ್ಲಿ ಮೂಡಬೇಕೆಂದು ತಿಳಿಸುವ ಜೀರೋ ವಿಡ್ತ್ ಜಾಯ್ನರ್ ಇದೆ. ‘ಕಾಣದ ಅಕ್ಷರಗಳನ್ನೆಲ್ಲ ತೆಗೆದುಬಿಡೋಣ’ ಎಂದು ಪಠ್ಯ ಹುಡುಕಿ ಬದಲಿಸುವ ಒಂದು ಸಾಲಿನ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದವರ ಕೋಡ್‌ನಲ್ಲಿ ರ‍್ಯಾ ಹೋಗಿ ಅರ್ಕಾವತ್ತಿನ ರ್ಯಾ ಬರುತ್ತದೆ. ಇಪ್ಪತ್ತು ಸಾಲಿನ ಕೆಲಸ ಇದು, ಆದರೆ ವ್ಯಕ್ತಿಯ ಬಗ್ಗೆ ಬಹಳ ಹೇಳುತ್ತದೆ. ಟೆಸ್ಟ್ (ಕೋಡ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವ ಕೋಡ್) ಬರೆದರೇ? ನಿಮ್ಮ ರಿವ್ಯೂ ಕಾಮೆಂಟಿಗೆ ಎರಡು ದಿನದಲ್ಲಿ ಉತ್ತರ ಬಂತೇ? ‘ಇದು ನನಗೆ ಅರ್ಥವಾಗಲಿಲ್ಲ’ ಎಂದು ಕೇಳುವ ಧೈರ್ಯ ಇದೆಯೇ? ಆಮೇಲೆ ಇಪ್ಪತ್ತು ನಿಮಿಷದ ಕಾಲ್‌ನಲ್ಲಿ ಅವರದೇ ಪ್ಯಾಚ್ ತೆರೆಸಿ, ಒಂದು ಟೆಸ್ಟ್ ಬದಲಿಸಿದರೆ ಏನಾಗುತ್ತದೆ ಎಂದು ಕೇಳಿ. ತಾವೇ ಯೋಚಿಸಿ ಬರೆದವರು ತಡವರಿಸಿದರೂ ವಿವರಿಸುತ್ತಾರೆ. ಎಐ ಬಳಸಿದ್ದು ನನ್ನ ದೃಷ್ಟಿಯಲ್ಲಿ ತಪ್ಪಲ್ಲ. ತಾನು ಕಳಿಸಿದ ಸಾಲು ಏನು ಮಾಡುತ್ತದೆ ಎಂದು ಹೇಳಲಾಗದಿದ್ದರೆ ಆ ಅರ್ಜಿ ಬೇಡ.

ಪ್ರಾಜೆಕ್ಟ್ ಗಾತ್ರ ಮೂರು ಬಗೆ: ಸುಮಾರು 90, 175 ಮತ್ತು 350 ಗಂಟೆ. 175 ಗಂಟೆಯನ್ನು 12 ವಾರಕ್ಕೆ ಹಂಚಿದರೆ ವಾರಕ್ಕೆ ಹತ್ತಿರಹತ್ತಿರ 15 ಗಂಟೆ, 350 ಆದರೆ 30ಕ್ಕೆ ಸಮೀಪ. ಮೊದಲ ಸಲಕ್ಕೆ 175 ಗಂಟೆಯದೇ ಇರಲಿ. ಅದರಲ್ಲೂ ಹೊಸ ಕೋಡ್‌ಗೆ ನೂರು ಗಂಟೆಗಿಂತ ಹೆಚ್ಚು ಲೆಕ್ಕ ಹಿಡಿಯಬೇಡಿ. ಟೆಸ್ಟ್, ಡಾಕ್ಯುಮೆಂಟೇಶನ್, ರಿವ್ಯೂ ತಿದ್ದುಪಡಿ ಇವೇ ಉಳಿದದ್ದನ್ನು ತಿನ್ನುತ್ತವೆ. ವಿದ್ಯಾರ್ಥಿ ಕರ್ನಾಟಕದ ಇಂಜಿನಿಯರಿಂಗ್ ಕಾಲೇಜಿನವರಾದರೆ ಪರೀಕ್ಷೆಯ ದಿನಾಂಕ ಕೇಳಿ ಬರೆದುಕೊಳ್ಳಿ. ಸಮ ಸೆಮಿಸ್ಟರಿನ ಥಿಯರಿ, ಲ್ಯಾಬ್ ಪರೀಕ್ಷೆಗಳು ಸಾಮಾನ್ಯವಾಗಿ ಕೋಡಿಂಗ್ ಅವಧಿಯ ಮಧ್ಯಕ್ಕೇ ಬಂದು ಬೀಳುತ್ತವೆ. ‘ಮ್ಯಾನೇಜ್ ಮಾಡ್ತೀನಿ ಸರ್’ ಅನ್ನುವ ಮಾತನ್ನು ನಂಬಿ ಯೋಜನೆ ಹಾಕಬೇಡಿ. ಅವಧಿಯನ್ನು 22 ವಾರದವರೆಗೂ ಹಿಗ್ಗಿಸಲು ಅವಕಾಶವಿದೆ, ಆದರೆ ಅದನ್ನು ಮುಂಚೆಯೇ ನಿಮ್ಮ ಸಂಸ್ಥೆಯ ಅಡ್ಮಿನ್ (ಕಾರ್ಯಕ್ರಮದ ಉಸ್ತುವಾರಿ ನೋಡುವವರು) ಮೂಲಕ ಮಾಡಿಸಬೇಕು.

ಆಯ್ಕೆ ಪ್ರಕಟವಾದ ಮೇಲೆ ಸುಮಾರು ಮೂರು ವಾರ ಪರಿಚಯದ ಅವಧಿ. ಇದನ್ನು ‘ಕೋಡ್ ಓದಿಕೊಳ್ಳಿ’ ಎಂದು ಬಿಟ್ಟುಬಿಟ್ಟರೆ ವ್ಯರ್ಥ. ಡೆವಲಪ್‌ಮೆಂಟ್ ಸೆಟಪ್ ಅವರ ಲ್ಯಾಪ್‌ಟಾಪಿನಲ್ಲಿ ಓಡಬೇಕು, ಎಲ್ಲಿ ಎಡವಿದರೋ ಆ ಜಾಗದಲ್ಲಿ ಪ್ರಾಜೆಕ್ಟಿನ ಪರಿಚಯದ ಕಡತವಾದ ರೀಡ್‌ಮಿಯನ್ನು ಅವರೇ ತಿದ್ದಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಬೇಕು, ಅದು ಮರ್ಜ್ ಆಗಬೇಕು, ಅಂದರೆ ಪ್ರಾಜೆಕ್ಟಿನ ಕೋಡಿಗೆ ಸೇರಬೇಕು. ಕೋಡಿಂಗ್ ಶುರುವಾಗುವಷ್ಟರಲ್ಲಿ ಫೋರ್ಕ್ (ಪ್ರಾಜೆಕ್ಟಿನ ಸ್ವಂತ ಪ್ರತಿ), ಬ್ರಾಂಚ್ (ಕೋಡಿನ ಕವಲು), ರಿಬೇಸ್ (ಆ ಕವಲನ್ನು ಹೊಸ ಕೋಡಿನ ಮೇಲೆ ಕೂರಿಸುವುದು), ಸಿಐ (ಟೆಸ್ಟುಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಕೆಂಪಾದರೆ ಲಾಗ್ ಓದುವುದು, ಎಲ್ಲವೂ ಒಂದು ಸುತ್ತು ಕೈಗೆ ಹತ್ತಿರುತ್ತದೆ.

ಮುಂದಿನದು ನಾನು ತುಂಬ ಒತ್ತಿ ಹೇಳುವ ವಿಷಯ: ಪ್ರತಿ ವಾರ ಏನಾದರೊಂದು ಮುಖ್ಯ ಬ್ರಾಂಚಿಗೆ ಮರ್ಜ್ ಆಗಲೇಬೇಕು. ವಿದ್ಯಾರ್ಥಿ ತನ್ನ ಫೋರ್ಕಿನಲ್ಲೇ ಎರಡು ತಿಂಗಳು ಕೆಲಸ ಮಾಡಿ ಕೊನೆಯ ವಾರ ನಾಲ್ಕು ಸಾವಿರ ಸಾಲಿನ ಪುಲ್ ರಿಕ್ವೆಸ್ಟ್ ತೆರೆದರೆ ಆ ಕೋಡ್ ಬಹುತೇಕ ಸತ್ತಂತೆಯೇ. ಅಷ್ಟನ್ನು ಯಾರೂ ಸರಿಯಾಗಿ ರಿವ್ಯೂ ಮಾಡಲಾರರು. ಅಷ್ಟರಲ್ಲಿ ಮುಖ್ಯ ಬ್ರಾಂಚ್ ಮುಂದೆ ಹೋಗಿರುತ್ತದೆ, ಕಾನ್‌ಫ್ಲಿಕ್ಟ್ ಬಿಡಿಸುವುದರಲ್ಲೇ ವಾರ ಹೋಗುತ್ತದೆ. ಎರಡನೇ ವಾರದಲ್ಲಿ ಡಿಸೈನ್‌ನಲ್ಲಿ ತಪ್ಪಿದ್ದರೆ ಉಳಿದದ್ದೆಲ್ಲ ಅದರ ಮೇಲೇ ಕಟ್ಟಿರುತ್ತದೆ. ಅದಕ್ಕೇ ಒಂದು ಪುಲ್ ರಿಕ್ವೆಸ್ಟ್ 200ರಿಂದ 300 ಸಾಲು ಮೀರದಿರಲಿ. ರಿಫ್ಯಾಕ್ಟರ್ (ಇರುವ ಕೋಡಿನ ಮರುಜೋಡಣೆ) ಒಂದರಲ್ಲಿ, ಹೊಸ ಫೀಚರ್ ಇನ್ನೊಂದರಲ್ಲಿ. ನಿಮ್ಮ ಕಡೆಯಿಂದಲೂ ಒಂದು ಮಾತು ಕೊಡಿ: 48 ಗಂಟೆಯೊಳಗೆ ಮೊದಲ ರಿವ್ಯೂ. ಮೆಂಟರ್ ರಿವ್ಯೂ ತಡಮಾಡಿದಾಗಲೇ ವಿದ್ಯಾರ್ಥಿಗಳು ಬ್ರಾಂಚಿನ ಮೇಲೆ ಬ್ರಾಂಚ್ ಪೇರಿಸಲು ಶುರುಮಾಡುವುದು.

ರಿವ್ಯೂ ಬರೆಯುವಾಗ ಸರಿಮಾಡಿದ ಕೋಡನ್ನೇ ಅಂಟಿಸಬೇಡಿ. ‘ಇನ್‌ಪುಟ್ ಖಾಲಿ ಸ್ಟ್ರಿಂಗ್ ಆಗಿದ್ದರೆ ಈ ಲೂಪ್ ಏನು ಹಿಂತಿರುಗಿಸುತ್ತದೆ? ಅದಕ್ಕೊಂದು ಟೆಸ್ಟ್ ಸೇರಿಸಿ’ ಎಂದು ಬರೆಯಿರಿ. ಯಾವ ಕಾಮೆಂಟ್ ಕಡ್ಡಾಯ, ಯಾವುದು ಬರೀ ಅಭಿರುಚಿ ಎಂದು ಪ್ರತಿಯೊಂದರಲ್ಲೂ ಹೇಳಿ. ಇಪ್ಪತ್ತು ಕಾಮೆಂಟ್ ಒಟ್ಟಿಗೆ ಕಂಡ ಹೊಸಬರು ಕೈಚೆಲ್ಲುತ್ತಾರೆ. ಸ್ಪೇಸ್, ಇಂಪೋರ್ಟ್ ಸಾಲುಗಳ ಕ್ರಮದಂಥವನ್ನು ಕೋಡನ್ನು ತಾನಾಗಿ ಓರಣಗೊಳಿಸುವ ಫಾರ್ಮ್ಯಾಟರ್‌ಗೆ ಬಿಡಿ.

ಇನ್ನು ಸುದ್ದಿಯೇ ಇಲ್ಲದಂತಾಗುವುದು. ಇದಕ್ಕೆ ಸೋಮಾರಿತನಕ್ಕಿಂತ ಸಂಕೋಚವೇ ಹೆಚ್ಚಾಗಿ ಕಾರಣ. ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತಾರೆ, ಕೇಳಿದರೆ ದಡ್ಡ ಅಂದುಕೊಂಡಾರು ಎಂದು ಕೇಳುವುದಿಲ್ಲ, ದಿನ ಕಳೆದಷ್ಟೂ ಮುಖ ತೋರಿಸುವುದು ಕಷ್ಟವಾಗುತ್ತದೆ. ನಮ್ಮ ಕಾಲೇಜುಗಳಿಂದ ಬಂದವರಲ್ಲಿ ಇನ್ನೊಂದು ಅಭ್ಯಾಸವಿದೆ: ಎಲ್ಲವನ್ನೂ ‘ಸರ್’, ‘ಮೇಡಂ’ ಎಂದು ಖಾಸಗಿ ಮೆಸೇಜಿನಲ್ಲೇ ಕೇಳುವುದು. ಹೆಸರು ಹಿಡಿದು ಕರೆಯಿರಿ ಎಂದು ಮೊದಲ ದಿನವೇ ಹೇಳಿ, ತಾಂತ್ರಿಕ ಪ್ರಶ್ನೆಗಳನ್ನು ಪ್ರಾಜೆಕ್ಟಿನ ಸಾರ್ವಜನಿಕ ಚಾನೆಲ್‌ನಲ್ಲೇ ಕೇಳಿಸಿ. ನಿಮಗೆ ಬಿಡುವಿಲ್ಲದಿದ್ದಾಗ ಬೇರೆ ಯಾರಾದರೂ ಉತ್ತರಿಸಬಹುದು. ಒಂದು ಗಂಟೆ ಒದ್ದಾಡಿದರೂ ದಾರಿ ಕಾಣದಿದ್ದರೆ ಕೇಳಲೇಬೇಕು ಎಂಬ ನಿಯಮವಿರಲಿ. ಪ್ರಶ್ನೆಯಲ್ಲಿ ಮೂರು ಸಂಗತಿ ಇರಲಿ: ಏನು ಮಾಡಲು ಹೊರಟೆ, ಏನು ಬಂತು, ಯಾವ ಯಾವ ದಾರಿ ನೋಡಿಯಾಯಿತು. ಎರರ್ ಮೆಸೇಜ್ ಪಠ್ಯವಾಗಿ ಹಾಕಲಿ, ಸ್ಕ್ರೀನಿನ ಫೋಟೋ ಬೇಡ.

ಮೂರು ದಿನ ಮಾತಿಲ್ಲದಿದ್ದರೆ ನೀವೇ ಮೆಸೇಜ್ ಮಾಡಿ. ‘ಎಲ್ಲಿಗೆ ಬಂತು?’ ಎಂದು ಕೇಳಿದರೆ ‘ನಡೀತಿದೆ’ ಎಂಬ ಉತ್ತರವೇ ಬರುತ್ತದೆ. ‘ಈಗ ಎಷ್ಟು ಆಗಿದೆಯೋ ಅಷ್ಟನ್ನೇ ಡ್ರಾಫ್ಟ್ ಪುಲ್ ರಿಕ್ವೆಸ್ಟ್ ಆಗಿ ಹಾಕಿ, ಒಟ್ಟಿಗೆ ನೋಡೋಣ’ ಅನ್ನಿ. ಐದನೇ ದಿನಕ್ಕೂ ಇಲ್ಲವೆಂದರೆ ಫೋನ್, ಜೊತೆಗೆ ಇಮೇಲ್. ವಾರ ದಾಟಿದರೆ ಸಂಸ್ಥೆಯ ಅಡ್ಮಿನ್‌ಗೆ ತಿಳಿಸಿ. ಮನೆಯಲ್ಲಿ ಕಷ್ಟವೋ ಆರೋಗ್ಯ ಕೆಟ್ಟಿದೆಯೋ ಆದರೆ ವ್ಯಾಪ್ತಿ ಇಳಿಸಿ, ಅವಧಿ ಹಿಗ್ಗಿಸಿ.

ಮೌಲ್ಯಮಾಪನ ಎರಡು. ಸ್ಟೈಪೆಂಡ್‌ನ 45 ಶೇಕಡಾ ಮಧ್ಯಂತರದ ನಂತರ, 55 ಕೊನೆಯದರ ನಂತರ. ಮಧ್ಯಂತರದಲ್ಲಿ ಫೇಲ್ ಆದವರು ಕಾರ್ಯಕ್ರಮದಿಂದಲೇ ಹೊರಗೆ. ಆ ಮೊತ್ತ ಒಂದು ಮನೆಗೆ ಎಷ್ಟು ದೊಡ್ಡದು ಎಂದು ಗೊತ್ತಿದ್ದೇ ಹೇಳುತ್ತೇನೆ: ಕೆಲಸವೇ ಆಗದಿದ್ದಾಗ ಕರುಣೆಯಿಂದ ಪಾಸ್ ಮಾಡಬೇಡಿ, ಹಿಂದುಳಿದವರು ದ್ವಿತೀಯಾರ್ಧದಲ್ಲಿ ಇನ್ನಷ್ಟು ಹಿಂದುಳಿಯುತ್ತಾರೆ. ಆದರೆ ಫೇಲ್ ಅನ್ನುವುದು ಅವರಿಗೆ ಆ ದಿನವೇ ಮೊದಲ ಸಲ ಗೊತ್ತಾಗುವಂತಾಗಬಾರದು. ಎರಡು ವಾರ ಮೊದಲೇ, ಪಾಸಾಗಲು ಯಾವ ಯಾವ ಪುಲ್ ರಿಕ್ವೆಸ್ಟ್ ಮರ್ಜ್ ಆಗಿರಬೇಕು ಎಂದು ಪಟ್ಟಿ ಬರೆದು ಕಳಿಸಿ. ಮೌಲ್ಯಮಾಪನ ಫಾರ್ಮಿನ ಗಡುವು ನಿಮಗೂ ಅನ್ವಯಿಸುತ್ತದೆ, ಕ್ಯಾಲೆಂಡರಿನಲ್ಲಿ ಹಾಕಿಕೊಳ್ಳಿ.

ಕೊನೆಯ ಎರಡು ವಾರ ಹೊಸ ಫೀಚರ್ ಬೇಡ. ಆಗಿದ್ದೇನು, ಉಳಿದಿದ್ದೇನು, ಮುಂದೆ ಬರುವವರು ಎಲ್ಲಿಂದ ಹಿಡಿಯಬೇಕು ಎಂಬ ವರದಿಯ ಕೊಂಡಿಯನ್ನು ಅವರು ಸಲ್ಲಿಸಬೇಕಾಗುತ್ತದೆ. ಅದಕ್ಕೆ ಈ ಸಮಯ ಇಡಿ. ಕಾರ್ಯಕ್ರಮ ಮುಗಿಯುವ ಮೊದಲೇ ಹೊಸಬರೊಬ್ಬರ ಪ್ಯಾಚನ್ನು ರಿವ್ಯೂ ಮಾಡಲು ಅವರಿಗೆ ಕೊಡಿ, ನೀವು ಪಕ್ಕದಲ್ಲಿದ್ದು ನೋಡಿ. ಚೆನ್ನಾಗಿ ಮಾಡಿದರೆ ಮುಂದಿನ ವರ್ಷ ನಿಮಗೆ ಬೇಕಾಗುವ ಎರಡನೇ ಮೆಂಟರ್ ಅವರೇ ಆಗಬಹುದು, ಈಗಲೇ ಕೇಳಿಬಿಡಿ.